ತಿಪ್ಪೆಗೆ ಹಚ್ಚಿದ ದೀಪ

ನಮ್ಮೂರು ಮಾಗಡಿ ಕಡೆ. ದೀಪಾವಳಿ ಸಂಜೆ ನಮ್ಮಜ್ಜಿ ಮನೆ ಬಾಗಿಲಿಗೆ ದೀಪ ಇಟ್ಟಾದ ಮೇಲೆ ಇನ್ನೊಂದು ಹಣತೆ ಹಿಡಿದು ಹಿತ್ತಲಿಗೆ ಹೋಗುತ್ತಿತ್ತು. ತಿಪ್ಪೆ ಮೇಲೆ ಸಗಣಿ ಉಂಡೆ ಇಟ್ಟು, ಅದಕ್ಕೆ ಹುಚ್ಚೆಳ್ಳು ಹೂವು ಸಿಕ್ಕಿಸಿ, ದೀಪ ಇಟ್ಟು ಕೈ ಮುಗಿಯುತ್ತಿತ್ತು. ಚಿಕ್ಕವರಾಗಿದ್ದ ನಮಗೆ ನಗು. ಕಸದ ಗುಡ್ಡೆಗೆ ಯಾರಾದರೂ ಪೂಜೆ ಮಾಡ್ತಾರಾ ಅಂತ ಕೇಳಿದರೆ, ಅಜ್ಜಿ ಬೈಯುತ್ತಿರಲಿಲ್ಲ. 'ನಿನ್ನ ತಟ್ಟೆಲಿರೋ ಮುದ್ದೆ ಇಲ್ಲಿಂದಲೇ ಬಂದದ್ದು ಕಣಪ್ಪಾ' ಅನ್ನುತ್ತಿತ್ತು.

ಹಳೇ ಮೈಸೂರಿನ ಎಷ್ಟೋ ಊರುಗಳಲ್ಲಿ ಈ ಪದ್ಧತಿ ಈಗಲೂ ಇದೆ. ನಿಮ್ಮ ಮನೆಯಲ್ಲೂ ಇರಬಹುದು. ದೀಪ ಉಳಿದಿದೆ, ತಿಪ್ಪೆ ಮಾತ್ರ ಸಣ್ಣದಾಗಿದೆ. ಕೆಲವು ಮನೆಗಳಲ್ಲಿ ತಿಪ್ಪೆಯೇ ಇಲ್ಲ, ಕಾಂಪೌಂಡ್ ಮೂಲೆಗೆ ದೀಪ ಇಡುತ್ತಾರೆ.

ಈ ವರ್ಷ ನಮ್ಮಪ್ಪ ಅರ್ಧ ಎಕರೆ ಹೊಲಕ್ಕೆ ಯೂರಿಯಾ ಹಾಕದೆ ರಾಗಿ ಬಿತ್ತಿದ್ದಾರೆ. ಅವ್ವನಿಗೆ ಇಷ್ಟವಿಲ್ಲ. 'ದೇವರ ಕೆಲಸ ಅಂತ ಹೇಳ್ಕೊಂಡು ಹೊಟ್ಟೆಗೆ ಕಲ್ಲು ಹಾಕ್ಕೋಬೇಡಿ' ಅನ್ನುತ್ತಾರೆ. ಅಪ್ಪನದು ಒಂದೇ ಮಾತು: 'ಮಣ್ಣು ತಾಯಿ. ತಾಯಿಗೆ ವಿಷ ಹಾಕಬಾರದು.' ಇಬ್ಬರ ಮಾತಲ್ಲೂ ನಿಜ ಇದೆ ಅನ್ನಿಸಿತು. ಮಣ್ಣನ್ನು ದೇವರೆಂದು ನಂಬಿ ಬೇಸಾಯ ಮಾಡಿದವರ ಕಥೆ ನಮ್ಮ ಸುತ್ತಮುತ್ತ ಹೇಗೆ ನಡೆದು ಬಂತು, ಎಲ್ಲಿ ಗೆದ್ದಿತು, ಎಲ್ಲಿ ಎಡವಿತು ಎಂದು ಹುಡುಕಿದೆ. ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೆಟ್ರೋ ಕೆಳಗಿನ ಹೊಲಗಳು

ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿ ಕಡೆ ಹೊರಟರೆ ಅತ್ತಿಗುಪ್ಪೆ, ನಾಯಂಡಹಳ್ಳಿ, ಪಟ್ಟಣಗೆರೆ ಅಂತ ಒಂದೊಂದೇ ಸ್ಟೇಷನ್ ಬರುತ್ತವೆ. ಇವೆಲ್ಲ ಊರಿನ ಹೆಸರುಗಳು. ಗುಪ್ಪೆ, ಹಳ್ಳಿ, ಗೆರೆ. ರಾಜಾಜಿನಗರದ ಒಳಗೆ ಕೇತಮಾರನಹಳ್ಳಿ ಇದೆ. ಬಸವೇಶ್ವರನಗರದ ಪಕ್ಕದಲ್ಲಿ ಸಾಣೆಗುರುವನಹಳ್ಳಿ, ಕುರುಬರಹಳ್ಳಿ ಇವೆ. ವಿಜಯನಗರದ ಬಗಲಲ್ಲಿ ಹೊಸಹಳ್ಳಿ, ಮೂಡಲಪಾಳ್ಯ. ರಾಜಾಜಿ ಹೆಸರು, ಬಸವಣ್ಣನ ಹೆಸರು, ವಿಜಯನಗರ ಸಾಮ್ರಾಜ್ಯದ ಹೆಸರು ಎಲ್ಲ ಬಡಾವಣೆ ಆದ ಮೇಲೆ ಬಂದವು. ಅದಕ್ಕೆ ಮೊದಲು ಇದು ರಾಗಿ ಹೊಲ, ಕೆರೆ ಕೆಳಗೆ ಗದ್ದೆ, ತೆಂಗು, ಸೊಪ್ಪು ತರಕಾರಿ ತೋಟಗಳ ಸೀಮೆ.

ಈ ಸೀಮೆಯ ಬೇಸಾಯದ ಗುಟ್ಟು ಅಕ್ಕಡಿ ಸಾಲು. ನಿಮಗೆ ಗೊತ್ತಿರುವುದೇ. ರಾಗಿ ಜೊತೆ ಸಾಲು ಬಿಟ್ಟು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಬದುವಿನ ಮೇಲೆ ಹರಳು. ಒಂದೇ ಹೊಲದಲ್ಲಿ ಮುದ್ದೆಗೂ ಸಾರಿಗೂ ಒಗ್ಗರಣೆಗೂ ದೀಪದ ಎಣ್ಣೆಗೂ ಬೇಕಾದದ್ದು ಬೆಳೆಯುತ್ತಿತ್ತು. ಮಳೆ ಕೈಕೊಟ್ಟು ರಾಗಿ ಹೋದರೆ ಅವರೆ ಕೈ ಹಿಡಿಯುತ್ತಿತ್ತು. ಅವರೆ, ತೊಗರಿ, ಅಲಸಂದೆಯ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಉದುರಿದ ಎಲೆ, ಮಣ್ಣಲ್ಲೇ ಉಳಿದ ಬೇರು ಮುಂದಿನ ಬೆಳೆಗೆ ಗೊಬ್ಬರ. ಅಜ್ಜಂದಿರಿಗೆ ಸಾರಜನಕ ಎಂಬ ಹೆಸರು ಗೊತ್ತಿರಲಿಲ್ಲ, ಅದರ ಕೆಲಸ ಗೊತ್ತಿತ್ತು.

ಅದರ ಜೊತೆಗೆ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡು ಹೊಡೆದು ಹೊಲಕ್ಕೆ ಹರಡುತ್ತಿದ್ದರು. ಕುರುಬರ ಮಂದೆಯನ್ನು ರಾತ್ರಿ ಹೊಲದಲ್ಲಿ ನಿಲ್ಲಿಸಿಕೊಂಡು ಅದಕ್ಕೆ ಕಾಳು ಕೊಡುತ್ತಿದ್ದರು. ಹೊಂಗೆ ಸೊಪ್ಪನ್ನು ಗದ್ದೆಗೆ ತುಳಿಯುತ್ತಿದ್ದರು. ಬೀಜವನ್ನು ಹೆಂಗಸರು ಬೂದಿ ಸವರಿ, ಬೇವಿನ ಎಲೆ ಹಾಕಿ, ಮಡಕೆಯಲ್ಲೋ ಸೋರೆ ಬುರುಡೆಯಲ್ಲೋ ಕಾಪಾಡುತ್ತಿದ್ದರು. ರಾಗಿ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು.

ಪ್ರತಿಯೊಂದು ಕೆಲಸಕ್ಕೂ ಒಂದು ಪೂಜೆ ಇತ್ತು. ಯುಗಾದಿಗೆ ಹೊನ್ನಾರು ಕಟ್ಟಿ ಮೊದಲ ಗೆರೆ ಎಳೆಯುವುದು. ಕಣದಲ್ಲಿ ರಾಶಿಗೆ ಸಗಣಿ ಬೆನಕನನ್ನು ಇಟ್ಟು, ಗರಿಕೆ ಸಿಕ್ಕಿಸಿ, ಆಮೇಲೆ ಅಳೆಯುವುದು. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಗೆ ಹೊಲದ ತುಂಬ ಚರಗ ಚೆಲ್ಲುವುದು. ನೆಲದಿಂದ ತೆಗೆದುಕೊಳ್ಳುವ ಮೊದಲು ನೆಲಕ್ಕೆ ಕೊಡಬೇಕು ಎಂಬ ಲೆಕ್ಕ ಇದರಲ್ಲಿದೆ. ತಿಪ್ಪೆಗೆ ದೀಪ ಇಡುವುದೂ ಅದೇ ಲೆಕ್ಕವೇ.

ಬೇಸಾಯವೇ ಪೂಜೆ ಎಂದವರು

ಬಸವೇಶ್ವರನಗರದ ಬೋರ್ಡು ನೋಡಿದಾಗೆಲ್ಲ ನನಗೆ ನೆನಪಾಗುವುದು ಕಾಯಕ ಎಂಬ ಮಾತು. ಹನ್ನೆರಡನೇ ಶತಮಾನದ ಶರಣರು ದುಡಿಮೆಯನ್ನು ಪೂಜೆಗಿಂತ ಕೆಳಗೆ ಇಡಲಿಲ್ಲ. ಅವರ ನಡುವೆ ಒಕ್ಕಲಿಗ ಮುದ್ದಣ್ಣ ಎಂಬ ವಚನಕಾರ ಇದ್ದ. ಬೇಸಾಯವೇ ಅವನ ಕಾಯಕ. ಹೊಲ, ಬಿತ್ತನೆ, ಬೆಳೆಗಳ ಮಾತಿನಲ್ಲೇ ಅವನು ದೇವರ ಬಗ್ಗೆ ಹೇಳಿದ.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಯ್ದಕ್ಕಿ ಲಕ್ಕಮ್ಮನ ಕಥೆ. ಗಂಡ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಸಂತೋಷ ಪಡಲಿಲ್ಲ. ನಮಗೆ ಬೇಕಾದಷ್ಟೇ ಸಾಕು, ಉಳಿದದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಬಡವರ ಮನೆ ಹೆಂಗಸು ಹೇಳಿದ ಮಾತು ಇದು.

ಈ ಕಥೆಯಲ್ಲಿ ಬೇಸಾಯಕ್ಕೂ ಪಾಠ ಇದೆ ಅನ್ನಿಸುತ್ತದೆ. ನೆಲದಿಂದ ಎಷ್ಟು ಕಿತ್ತುಕೊಳ್ಳಬಹುದು ಅಂತ ಕೇಳುವುದು ಒಂದು ದಾರಿ. ಎಷ್ಟು ಸಾಕು ಅಂತ ಕೇಳುವುದು ಇನ್ನೊಂದು ದಾರಿ. ಎರಡನೇ ಪ್ರಶ್ನೆ ಕೇಳಿದವರನ್ನೇ ಮುಂದೆ ಸಹಜ ಬೇಸಾಯದವರು ಅಂತ ಕರೆದರು.

ಬೆಂಗಳೂರಿನ ಹೆಸರಿನ ಗೊಬ್ಬರ

ಗೊಬ್ಬರದ ಚರಿತ್ರೆಯಲ್ಲಿ ಬೆಂಗಳೂರಿಗೆ ಒಂದು ಜಾಗ ಇದೆ. ರಾಜಾಜಿನಗರದಿಂದ ಹೆಚ್ಚು ದೂರವಿಲ್ಲದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿ.ಎನ್. ಆಚಾರ್ಯ ಎಂಬ ವಿಜ್ಞಾನಿ 1939ರಲ್ಲಿ ಕಾಂಪೋಸ್ಟ್ ಮಾಡುವ ಒಂದು ವಿಧಾನ ರೂಪಿಸಿದರು. ಗುಂಡಿ ತೋಡಿ ಊರಿನ ಕಸ ಒಂದು ಪದರ, ಮಲ ಅಥವಾ ಸಗಣಿ ಒಂದು ಪದರ ಹಾಕಿ, ಮೇಲೆ ಮಣ್ಣು ಮೆತ್ತಿ ಮುಚ್ಚಿಬಿಡುವುದು. ಮತ್ತೆ ಮತ್ತೆ ತಿರುವಿ ಹಾಕುವ ಕೆಲಸವಿಲ್ಲ, ಪದೇ ಪದೇ ನೀರು ಹಾಕಬೇಕಿಲ್ಲ. ಆರರಿಂದ ಎಂಟು ತಿಂಗಳಿಗೆ ಗೊಬ್ಬರ ಕೈಗೆ ಬರುತ್ತದೆ. ಇಂದಿಗೂ ಕೃಷಿ ಪಠ್ಯಪುಸ್ತಕಗಳಲ್ಲಿ ಇದಕ್ಕೆ 'ಬೆಂಗಳೂರು ವಿಧಾನ' ಎಂದೇ ಹೆಸರು.

ಇದಕ್ಕೆ ಮೊದಲೇ ಆಲ್ಬರ್ಟ್ ಹೊವಾರ್ಡ್ ಎಂಬ ಇಂಗ್ಲಿಷ್ ವಿಜ್ಞಾನಿ ಇಂದೋರಿನಲ್ಲಿ ನಮ್ಮ ರೈತರ ತಿಪ್ಪೆಗಳನ್ನು ನೋಡಿ ಕಲಿತು 'ಇಂದೋರ್ ವಿಧಾನ' ಬೆಳೆಸಿದ್ದರು. ಕಲಿಸಲು ಬಂದವರು ಹಳ್ಳಿಯವರಿಂದ ಕಲಿತರು. 1940ರಲ್ಲಿ ಬಂದ ಅವರ ಪುಸ್ತಕ ಯುರೋಪ್, ಅಮೆರಿಕಗಳ ಸಾವಯವ ಚಳವಳಿಗೆ ಬುನಾದಿ ಆಯಿತು.

ಗಾಂಧೀಜಿ 1927ರಲ್ಲಿ ಆರೋಗ್ಯ ಕೆಟ್ಟು ನಂದಿಬೆಟ್ಟಕ್ಕೆ ಬಂದರು. ಆಮೇಲೆ ಬೆಂಗಳೂರಿನ ಕುಮಾರ ಪಾರ್ಕಿನಲ್ಲಿ ಉಳಿದರು. ಆಗ ಇಲ್ಲಿನ ಡೇರಿ ಸಂಸ್ಥೆಗೆ ಹೋಗಿ ದನ ಸಾಕುವ ವಿದ್ಯೆ ಕಲಿತರು. ಆಶ್ರಮದಲ್ಲಿ ಮಲವನ್ನು ಗೊಬ್ಬರ ಮಾಡುವುದು ಅವರಿಗೆ ಪ್ರಾರ್ಥನೆಯಷ್ಟೇ ಮುಖ್ಯ. ಅವರ ಜೊತೆಗಿದ್ದ ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪ ನೆಲದಿಂದ ತೆಗೆದದ್ದನ್ನು ನೆಲಕ್ಕೆ ಹಿಂತಿರುಗಿಸದ ಅರ್ಥವ್ಯವಸ್ಥೆ ಬಾಳುವುದಿಲ್ಲ ಎಂದು ವಾದಿಸಿದರು.

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ಗೊಬ್ಬರ ಪವಿತ್ರ ಎಂದರು. ಅದನ್ನು ಹೊತ್ತವರನ್ನು ಯಾರೂ ಪವಿತ್ರ ಎನ್ನಲಿಲ್ಲ. ಊರಿನ ಮಲವನ್ನು ತಲೆ ಮೇಲೆ ಹೊತ್ತು ಗುಂಡಿಗೆ ಸಾಗಿಸಿದವರು ದಲಿತರು. ದನದ ಕೊಟ್ಟಿಗೆ ಬಾಚಿ, ಮಂಕರಿಯಲ್ಲಿ ಗೊಬ್ಬರ ಹೊತ್ತವರು ಜೀತದಾಳುಗಳು ಮತ್ತು ಹೆಂಗಸರು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ನಮ್ಮ ನಾಡಿನ ಗೊಬ್ಬರದ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ಆಧ್ಯಾತ್ಮಿಕ ಕೆಲಸ ನನಗೆ ಕಂಡಿಲ್ಲ. ಹಳೇ ಕಾಲದ ಬೇಸಾಯ ಚೆನ್ನಾಗಿತ್ತು ಅಂತ ನಾವು ಬರೆಯುವಾಗ ಯಾರ ಬೆನ್ನ ಮೇಲೆ ಅದು ನಿಂತಿತ್ತು ಎಂಬುದನ್ನು ಮರೆಯಬಾರದು.

ಚೀಲ ಬಂದ ಕಾಲ

ಹಾಗಾದರೆ ರೈತರು ಯೂರಿಯಾ ಯಾಕೆ ಒಪ್ಪಿಕೊಂಡರು? ಆಸೆಗೆ ಬಿದ್ದರು ಎಂದು ಹೇಳುವುದು ಸುಲಭ. ಅದು ಅರ್ಧ ಸತ್ಯ ಕೂಡ ಅಲ್ಲ.

1909ರಲ್ಲಿ ಜರ್ಮನಿಯ ಫ್ರಿಟ್ಜ್ ಹೇಬರ್ ಗಾಳಿಯ ಸಾರಜನಕದಿಂದ ಅಮೋನಿಯ ಮಾಡಿ ತೋರಿಸಿದ. 1913ರಲ್ಲಿ ಅದರ ದೊಡ್ಡ ಕಾರ್ಖಾನೆ ಶುರುವಾಯಿತು. ಅವರೆ ಬೇರು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸವನ್ನು ಬೆಂಕಿ, ಒತ್ತಡ, ಕಬ್ಬಿಣದ ಸಹಾಯದಿಂದ ಕಾರ್ಖಾನೆ ಮಾಡಿತು. ಅದೇ ಅಮೋನಿಯ ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡಿಗೂ ಹೋಯಿತು.

ನಮ್ಮಲ್ಲಿ 1965–66ರ ಬರ ಬಂದಾಗ ಅಮೆರಿಕದ ಹಡಗಿನಲ್ಲಿ ಬಂದ ಕೆಂಪು ಜೋಳ, ಗೋಧಿ ತಿಂದು ಬದುಕಿದ್ದನ್ನು ಹಿರಿಯರು ಹೇಳುತ್ತಾರೆ. ಆ ಅವಮಾನ ಮತ್ತು ಹಸಿವು ಹಸಿರು ಕ್ರಾಂತಿಗೆ ದಾರಿ ಮಾಡಿತು. 1960ರ ದಶಕದಲ್ಲಿ ಮಂಡ್ಯ ಜಿಲ್ಲೆ ಸಾಂದ್ರ ಬೇಸಾಯ ಯೋಜನೆಗೆ ಸೇರಿತು. ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಳುವರಿ ಏರಿತು. ಬಡವರ ಮನೆ ಒಲೆ ಉರಿಯಿತು. 1976ರಲ್ಲಿ ಮಂಗಳೂರಿನ ಪಣಂಬೂರಿನಲ್ಲಿ ಗೊಬ್ಬರದ ಕಾರ್ಖಾನೆ ಶುರುವಾದ ಮೇಲೆ ಯೂರಿಯಾ ನಮ್ಮ ರಾಜ್ಯದಲ್ಲೇ ತಯಾರಾಗತೊಡಗಿತು.

ಒಂದು ಸಣ್ಣ ಲೆಕ್ಕ ಮಾಡೋಣ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. 45 ಕೆಜಿ ಚೀಲದಲ್ಲಿ ಸುಮಾರು 20 ಕೆಜಿ. ಕೊಟ್ಟಿಗೆ ಗೊಬ್ಬರದಲ್ಲಿ ನೂರಕ್ಕೆ ಅರ್ಧ ಭಾಗ ಸಾರಜನಕ ಅಂತ ಹಿಡಿದರೂ ಅಷ್ಟೇ ಸಾರಜನಕಕ್ಕೆ 4 ಟನ್ ಗೊಬ್ಬರ ಬೇಕು. ಒಂದು ಗಾಡಿಗೆ 500 ಕೆಜಿ ಅಂದರೆ ಎಂಟು ಗಾಡಿ. ಅದನ್ನು ಬಾಚಬೇಕು, ತುಂಬಬೇಕು, ಹೊಡೆಯಬೇಕು, ಹರಡಬೇಕು. ಯೂರಿಯಾ ಚೀಲ ಒಬ್ಬನ ಹೆಗಲ ಮೇಲೆ ಬರುತ್ತದೆ. ಸೊಂಟ ಬಿದ್ದುಹೋದ ಹೆಂಗಸು ಚೀಲವನ್ನು ಯಾಕೆ ಸ್ವಾಗತಿಸಿದಳು ಎಂದು ಕೇಳುವ ಹಕ್ಕು ಗೊಬ್ಬರ ಹೊರದವರಿಗೆ ಇಲ್ಲ. ನಮ್ಮವ್ವನ ಸಿಟ್ಟು ನನಗೆ ಅರ್ಥವಾದದ್ದು ಈ ಲೆಕ್ಕ ಮಾಡಿದ ಮೇಲೆಯೇ.

ಆದರೆ ಚೀಲಕ್ಕೂ ಬೆಲೆ ಇತ್ತು. ಅದು ನಿಧಾನವಾಗಿ ಕಂಡಿತು. ಸಗಣಿ ಗೊಬ್ಬರ ನಿಂತ ಮೇಲೆ ಮಣ್ಣು ಗಟ್ಟಿಯಾಯಿತು, ಎರೆಹುಳ ಕಡಿಮೆಯಾದವು. ರಾಗಿ ಒಂದನ್ನೇ ಬೆಳೆದಾಗ ಅಕ್ಕಡಿ ಸಾಲು ಮರೆಯಾಯಿತು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಹೋದವು, ಎತ್ತಿನ ಜೊತೆ ತಿಪ್ಪೆ ಹೋಯಿತು. ಕೀಟನಾಶಕದ ಡಬ್ಬ ಹೊಲಕ್ಕೆ ಬಂತು, ಆಮೇಲೆ ಸಾಲ ಹೆಗಲೇರಿದವರ ಕೈಗೂ ಬಂತು. ಆ ಕಥೆ ನಿಮಗೆ ನಾನು ಹೇಳಬೇಕಿಲ್ಲ.

ಜಪಾನಿನ ರೈತ, ನಮ್ಮ ರೈತರು

ಜಪಾನಿನ ಶಿಕೊಕು ದ್ವೀಪದಲ್ಲಿ ಮಸನೊಬು ಫುಕುವೋಕಾ ಎಂಬ ಸಸ್ಯರೋಗ ವಿಜ್ಞಾನಿ ಇದ್ದ. 1938ರಲ್ಲಿ, 25ರ ಹರೆಯದಲ್ಲಿ, ಕಾಯಿಲೆ ಬಿದ್ದು ಎದ್ದ ಮೇಲೆ ಮನುಷ್ಯನ ತಿಳಿವಳಿಕೆ ಎಷ್ಟು ಸಣ್ಣದು ಎಂಬ ಅರಿವು ಅವನಿಗೆ ಮಿಂಚಿನಂತೆ ಬಂತು. ಕೆಲಸ ಬಿಟ್ಟು ಊರಿಗೆ ಬಂದ. ಉಳುಮೆ ಬೇಡ, ರಾಸಾಯನಿಕ ಗೊಬ್ಬರ ಬೇಡ, ಕಳೆಯ ಮೇಲೆ ಯುದ್ಧ ಬೇಡ, ವಿಷ ಬೇಡ ಎಂದು ಹೊರಟ. ಮೊದಲು ಎಡವಿದ. ಅಪ್ಪನ ಕಿತ್ತಳೆ ತೋಟದಲ್ಲಿ ಏನೂ ಮಾಡದೆ ಬಿಟ್ಟು ಎಷ್ಟೋ ಮರ ಸಾಯಿಸಿದ. ಸಹಜ ಬೇಸಾಯ ಬೇರೆ, ಪಾಳು ಬಿಡುವುದು ಬೇರೆ ಎಂದು ಕಲಿತದ್ದು ಅಲ್ಲಿ. ಬೇಸಾಯದ ಕೊನೆಯ ಗುರಿ ಮನುಷ್ಯನನ್ನು ತಿದ್ದುವುದು ಎಂದು ಅವನು ನಂಬಿದ. 1975ರಲ್ಲಿ ಅವನ ಹುಲ್ಲಿನ ಕ್ರಾಂತಿಯ ಪುಸ್ತಕ ಬಂತು, 1978ರಲ್ಲಿ ಇಂಗ್ಲಿಷಿಗೆ ಹೋಯಿತು. 1988ರಲ್ಲಿ ಅವನಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಕನ್ನಡಿಗರಿಗೆ ಅವನನ್ನು ಹತ್ತಿರ ಮಾಡಿದವರಲ್ಲಿ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಒಬ್ಬರು. ಸ್ವತಃ ಕಾಫಿ ಬೆಳೆಗಾರರಾದ ಅವರು 'ಸಹಜ ಕೃಷಿ' ಎಂಬ ಪುಸ್ತಕ ಬರೆದರು. ಕಥೆ ಓದುವ ಹುಡುಗರು ಕೂಡ ಎರೆಹುಳದ ಬಗ್ಗೆ ಮಾತಾಡುವಂತಾಯಿತು.

ಉಡುಪಿ ಜಿಲ್ಲೆಯ ಬ್ರಹ್ಮಾವರದ ಹತ್ತಿರ ಚೇರ್ಕಾಡಿ ಎಂಬ ಊರು. ಅಲ್ಲಿ ರಾಮಚಂದ್ರ ರಾವ್ ಎಂಬ ಗಾಂಧಿವಾದಿ ತುಂಡು ನೆಲದಲ್ಲಿ ಉಳುಮೆ ಇಲ್ಲದೆ ಭತ್ತ ಬೆಳೆದರು. ನೂಲು ತಾವೇ ತೆಗೆದರು, ಸರಳ ಮನೆಯಲ್ಲಿ ಬದುಕಿದರು, ನೀರನ್ನು ಕೈಯಿಂದಲೇ ಎತ್ತಿದರು. ಅವರಿಗೆ ಇದು ಹೊಸ ತಂತ್ರವಾಗಿರಲಿಲ್ಲ. ತನ್ನ ಅನ್ನ ತಾನೇ ದುಡಿದು ಉಣ್ಣಬೇಕು ಎಂಬ ವ್ರತವಾಗಿತ್ತು.

ಬೆಂಗಳೂರಿನ ಇನ್ನೊಂದು ತುದಿಯ ವರ್ತೂರಿನಲ್ಲಿ ಎಲ್. ನಾರಾಯಣ ರೆಡ್ಡಿ. ಚಿಕ್ಕಂದಿನಲ್ಲೇ ಮನೆ ಬಿಟ್ಟು ಹೋಟೆಲಿನಲ್ಲಿ ದುಡಿದು, ಸಾರಿಗೆ ಕಂಪನಿಯಲ್ಲಿ ಕೆಲಸ ಮಾಡಿ, ಆಮೇಲೆ ಬೇಸಾಯಕ್ಕೆ ಮರಳಿದರು. ಮೊದಲು ರಾಸಾಯನಿಕ ಬೇಸಾಯವನ್ನೇ ಮಾಡಿ ಇಳುವರಿಗೆ ಪ್ರಶಸ್ತಿ ಪಡೆದರು. ಲೆಕ್ಕ ಬರೆದು ನೋಡಿದರೆ ಪ್ರಶಸ್ತಿ ಕೈಯಲ್ಲಿ, ನಷ್ಟ ಜೇಬಿನಲ್ಲಿ. ಫುಕುವೋಕಾನನ್ನು ಓದಿ ದಾರಿ ಬದಲಿಸಿದರು. ಮುಂದೆ ದೊಡ್ಡಬಳ್ಳಾಪುರ ತಾಲ್ಲೂಕಿನ ಮರೇಳನಹಳ್ಳಿಯ ನಾಲ್ಕು ಎಕರೆಯ ಸುತ್ತಮುತ್ತ ಅವರ ಬದುಕು ನಡೆಯಿತು. ಹುಡುಕಿಕೊಂಡು ಬಂದ ರೈತರಿಗೆ, ವಿದ್ಯಾರ್ಥಿಗಳಿಗೆ ಮರದ ಕೆಳಗೆ ಕೂರಿಸಿ ಪಾಠ ಹೇಳಿದರು. 2019ರ ಜನವರಿಯಲ್ಲಿ, ಸಂಕ್ರಾಂತಿಯ ಹೊತ್ತಿನಲ್ಲಿ, ತೀರಿಕೊಂಡರು.

ನಾರಾಯಣ ರೆಡ್ಡಿಯವರ ದಾರಿಯಲ್ಲಿ ನನಗೆ ಹಿಡಿಸಿದ್ದು ಅವರ ಲೆಕ್ಕದ ಪುಸ್ತಕ. ಭಕ್ತಿ ಇತ್ತು, ಅದರ ಪಕ್ಕದಲ್ಲೇ ಲೆಕ್ಕವೂ ಇತ್ತು. ಖರ್ಚು ಎಷ್ಟು, ಉಳಿದದ್ದು ಎಷ್ಟು, ಮಣ್ಣಿಗೆ ಏನು ಹೋಯಿತು ಎಂದು ನೋಡದವನು ಮಣ್ಣನ್ನು ಪ್ರೀತಿಸುತ್ತಾನೆ ಎಂದು ಹೇಗೆ ನಂಬುವುದು?

ಮಠದ ಅಂಗಳದ ಡ್ರಮ್ಮು

1992ರ ಡಿಸೆಂಬರಿನಲ್ಲಿ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಎಂ.ಡಿ. ನಂಜುಂಡಸ್ವಾಮಿಯವರ ಮಾತು ಬೀಜದ ಸ್ವಾತಂತ್ರ್ಯದ ಸುತ್ತ ಇತ್ತು. ಬೀಜ ಕಂಪನಿಯದಾದರೆ ಗೊಬ್ಬರವೂ ಔಷಧವೂ ಕಂಪನಿಯದೇ ಆಗುತ್ತದೆ ಎಂದು ರೈತರಿಗೆ ಅರ್ಥವಾಗಿತ್ತು. ಬೇಡ ಎಂದು ಕೂಗಿದ ಮೇಲೆ, ಬದಲಿಗೆ ಏನು ಎಂಬ ಪ್ರಶ್ನೆ ಉಳಿದಿತ್ತು.

ಆ ಹೊತ್ತಿಗೆ ಬಂದವರು ಮಹಾರಾಷ್ಟ್ರದ ವಿದರ್ಭದ ಸುಭಾಷ್ ಪಾಳೇಕರ್. 2000ದ ನಂತರದ ವರ್ಷಗಳಲ್ಲಿ ಕರ್ನಾಟಕದಲ್ಲಿ ಅವರ ಶಿಬಿರಗಳು ಜಾತ್ರೆಯಂತೆ ನಡೆದವು. ಎಷ್ಟೋ ಕಡೆ ಮಠಗಳು ಜಾಗ ಕೊಟ್ಟವು, ಅನ್ನ ಹಾಕಿದವು. ರೈತ ಸಂಘದವರು ಊರೂರಿನಿಂದ ಜನ ಕರೆತಂದರು. ಶಿಬಿರ ಒಂದಕ್ಕೆ ನೂರಾರು, ಕೆಲವೊಮ್ಮೆ ಸಾವಿರ ದಾಟಿದ ರೈತರು ಚಾಪೆ ಹಾಸಿ ಮಲಗಿ ನಾಲ್ಕೈದು ದಿನ ಪಾಠ ಕೇಳಿದರು. ಶೂನ್ಯ ಬಂಡವಾಳದ ಕೃಷಿ ಎಂದು ಹೆಸರು. ಪಾಳೇಕರ್ ಇದನ್ನು ಆಧ್ಯಾತ್ಮಿಕ ಕೃಷಿ ಎಂದೂ ಕರೆದರು. 2016ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಜೀವಾಮೃತ ಮಾಡುವುದು ಈಗ ಎಷ್ಟೋ ಜನರಿಗೆ ಬಾಯಿಪಾಠ. 200 ಲೀಟರ್ ನೀರಿನ ಡ್ರಮ್ಮಿಗೆ 10 ಕೆಜಿ ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಕಲಕಿ ನೆರಳಲ್ಲಿ ಇಟ್ಟು ಎಕರೆಗೆ ಕೊಡುವುದು. ಜೊತೆಗೆ ಬೀಜಾಮೃತ, ಹೊದಿಕೆ, ಮಣ್ಣಲ್ಲಿ ಗಾಳಿ ಮತ್ತು ತೇವದ ಹದ.

ಇದನ್ನು ಮೂಢನಂಬಿಕೆ ಎಂದು ನಕ್ಕವರಿದ್ದಾರೆ, ಮಂತ್ರ ಎಂದು ನಂಬಿದವರಿದ್ದಾರೆ. 2019ರಲ್ಲಿ ಕೇಂದ್ರ ಬಜೆಟ್ಟಿನಲ್ಲಿ ಶೂನ್ಯ ಬಂಡವಾಳ ಕೃಷಿಯ ಮಾತು ಬಂದಾಗ ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿಯವರು ಸಾಕಷ್ಟು ಪರೀಕ್ಷೆಯಾಗದೆ ದೇಶಕ್ಕೆಲ್ಲ ಹರಡಬಾರದು ಎಂದು ಪ್ರಧಾನಿಗೆ ತಿಳಿಸಿದರು. ಲೆಕ್ಕ ಮಾಡಿದರೆ ಅವರ ಅನುಮಾನದ ಕಾರಣ ಗೊತ್ತಾಗುತ್ತದೆ. 10 ಕೆಜಿ ಹಸಿ ಸಗಣಿಯಲ್ಲಿರುವ ಸಾರಜನಕ 100 ಗ್ರಾಂ ಕೂಡ ದಾಟುವುದಿಲ್ಲ. ಒಂದು ಎಕರೆ ರಾಗಿಗೆ ಅದು ಎಲ್ಲಿಗೆ ಸಾಲುತ್ತದೆ? ಜೀವಾಮೃತ ಗೊಬ್ಬರ ಅಲ್ಲ, ಮಣ್ಣಿನ ಜೀವಿಗಳಿಗೆ ಹೆಪ್ಪು ಎಂದು ಅದನ್ನು ಒಪ್ಪುವವರೇ ಹೇಳುತ್ತಾರೆ. ಹೆಪ್ಪು ಹಾಕಲು ಹಾಲು ಬೇಕಲ್ಲ? ಆ ಹಾಲು ಅಂದರೆ ಹೊದಿಕೆ, ಕೊಳೆತ ಎಲೆ, ಅವರೆ-ತೊಗರಿಯ ಬೇರು. ಅಕ್ಕಡಿ ಸಾಲು ಹಾಕದೆ, ಹುಲ್ಲು ಹೊದಿಸದೆ, ಬರೀ ಡ್ರಮ್ಮು ಕಲಕಿದವರು ಸೋತರು. ಅವನ್ನೆಲ್ಲ ಮಾಡಿದವರಲ್ಲಿ ಗೆದ್ದವರಿದ್ದಾರೆ.

ಅವಸರಕ್ಕೆ ಏನಾಗುತ್ತದೆ ಎಂದು ಶ್ರೀಲಂಕಾ ತೋರಿಸಿತು. 2021ರಲ್ಲಿ ಅಲ್ಲಿನ ಸರ್ಕಾರ ಒಂದೇ ಏಟಿಗೆ ರಾಸಾಯನಿಕ ಗೊಬ್ಬರ ತರಿಸುವುದನ್ನು ನಿಷೇಧಿಸಿತು. ಭತ್ತದ ಇಳುವರಿ ಬಿತ್ತು, ಅಕ್ಕಿ ಬೆಲೆ ಏರಿತು, ರೈತರು ಬೀದಿಗೆ ಬಂದರು. ಕೆಲವೇ ತಿಂಗಳಲ್ಲಿ ಆದೇಶ ವಾಪಸ್ ಬಂತು. ನೆಲ ಆದೇಶ ಓದುವುದಿಲ್ಲ. ಅದಕ್ಕೆ ವರ್ಷಗಳು ಬೇಕು.

ನಮ್ಮ ರಾಜ್ಯ ಬೇರೆ ರಾಜ್ಯಗಳಿಗಿಂತ ಮೊದಲೇ, 2004ರಲ್ಲಿ, ಸಾವಯವ ಕೃಷಿ ನೀತಿ ತಂದಿತು. ನೀತಿ ಇದೆ. ಆದರೆ ಮಣ್ಣು ಚೇತರಿಸಿಕೊಳ್ಳುವ ಎರಡು ಮೂರು ವರ್ಷ ಇಳುವರಿ ಇಳಿದಾಗ ಆ ಮನೆಯ ಖರ್ಚು ಯಾರು ನೋಡಬೇಕು ಎಂಬ ಪ್ರಶ್ನೆ ಹಾಗೇ ಇದೆ. ನಮ್ಮವ್ವ ಕೇಳುತ್ತಿರುವುದು ಅದನ್ನೇ.

ನಂದಿಯ ಪಾದದಿಂದ ಹುಟ್ಟಿದ ನದಿ

ಮತ್ತೆ ಮೆಟ್ರೋಗೆ ಬರೋಣ. ನಾಯಂಡಹಳ್ಳಿ ದಾಟುತ್ತಿದ್ದಂತೆ ಕೆಳಗೆ ಕಪ್ಪು ನೀರು ಕಾಣುತ್ತದೆ. ಅದು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿತು ಎಂಬ ನಂಬಿಕೆಯಿಂದ ಬಂದ ಹೆಸರು. ಮೈಸೂರು ರಸ್ತೆಯ ಗಾಳಿ ಆಂಜನೇಯ ಗುಡಿಯ ಬಳಿ ಹಾದು, ಕೆಂಗೇರಿ ದಾಟಿ, ಬಿಡದಿ ಹತ್ತಿರ ಬೈರಮಂಗಲ ಕೆರೆ ಸೇರಿ, ಮುಂದೆ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ನೀರೆಲ್ಲ ಈ ಕಣಿವೆಗೇ ಇಳಿಯುತ್ತದೆ. ಒಂದು ಕಾಲಕ್ಕೆ ಇದರ ದಡದಲ್ಲಿ ಜನ ಮಿಂದು ಗುಡಿಗೆ ಹೋಗುತ್ತಿದ್ದರು.

ನಗರ ಬೆಳೆದ ಮೇಲೆ ಚರಂಡಿ ನೀರು ಬಂತು, ಪೀಣ್ಯ ಕಡೆಯಿಂದ ಕಾರ್ಖಾನೆ ನೀರು ಬಂತು. 1940ರ ದಶಕದಲ್ಲಿ ಗದ್ದೆಗೆಂದು ಕಟ್ಟಿದ ಬೈರಮಂಗಲ ಕೆರೆ ನೊರೆಯ ಕೆರೆಯಾಯಿತು. ಅಲ್ಲಿನ ಮಣ್ಣು, ತರಕಾರಿಗಳನ್ನು ಪರೀಕ್ಷಿಸಿದ ಹಲವು ಅಧ್ಯಯನಗಳಲ್ಲಿ ಭಾರಲೋಹಗಳು ಕಂಡಿವೆ. ಆ ರೈತ ಯೂರಿಯಾ ಬಿಡಬಹುದು, ಜೀವಾಮೃತ ಹಾಕಬಹುದು, ಹೊಲಕ್ಕೆ ಕೈ ಮುಗಿಯಬಹುದು. ಕಾಲುವೆಯಲ್ಲಿ ಬರುವ ಸೀಸ, ಕ್ರೋಮಿಯಂ ಯಾವ ಪೂಜೆಗೂ ನಿಲ್ಲುವುದಿಲ್ಲ. ಈಗ ಇದೇ ಕಣಿವೆಯ ನೀರನ್ನು ಸಂಸ್ಕರಿಸಿ ನೆಲಮಂಗಲ ಕಡೆಯ ಕೆರೆಗಳಿಗೆ ತುಂಬಿಸುವ ಯೋಜನೆ ನಡೆದಿದೆ. ಸಂಸ್ಕರಣೆ ಎಷ್ಟು ಸರಿ ಇದೆ ಎಂದು ಕೇಳುವುದು, ನೀರಿನ ಪರೀಕ್ಷೆಯ ವರದಿ ಪಂಚಾಯ್ತಿಯಲ್ಲಿ ಓದಿಸುವುದು ಕೂಡ ಮಣ್ಣಿನ ಪೂಜೆಯ ಒಂದು ಭಾಗ.

ವಿಚಿತ್ರ ನೋಡಿ. ಇದೇ ಕಣಿವೆಯ ಮೇಲಿನ ತಾರಸಿಗಳಲ್ಲಿ ಈಗ ಜನ ಸೊಪ್ಪು, ಟೊಮೇಟೊ ಬೆಳೆಯುತ್ತಿದ್ದಾರೆ. ಬೆಂಗಳೂರಿನಲ್ಲಿ ತಾರಸಿ ತೋಟದ ಪಾಠ ಹೇಳಿದವರಲ್ಲಿ ಕೃಷಿ ವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್ ಮೊದಲಿಗರು. 2011ರಿಂದ 'ಊಟ ಫ್ರಮ್ ಯುವರ್ ತೋಟ' ಎಂಬ ಸಂತೆಯೂ ನಡೆಯಿತು. ನಮ್ಮ ಊರಿನಿಂದ ಹೋಗಿ ನೆಲೆಸಿದವರೇ ಬಕೆಟ್ಟಿನಲ್ಲಿ ಅಡಿಗೆಮನೆ ಕಸ ಕೊಳೆಸಿ ಅವರೆ ಬೀಜ ಹಾಕುತ್ತಾರೆ. ನಗುವ ವಿಷಯವಲ್ಲ. ಹಿತ್ತಲಲ್ಲಿದ್ದ ತಿಪ್ಪೆ ತಾರಸಿಗೆ ಹೋಗಿದೆ. ಆದರೆ ಬಕೆಟ್ಟಿನ ಸೊಪ್ಪಿಗೆ ತೋರಿಸುವ ಭಕ್ತಿಯಲ್ಲಿ ಅರ್ಧದಷ್ಟನ್ನು ಶೌಚದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಲು ತೋರಿಸಿದರೆ, ಬೈರಮಂಗಲದವರು ಬದುಕಿಯಾರು.

ಅರ್ಧ ಎಕರೆ

ಇಷ್ಟು ಓದಿಕೊಂಡು ಊರಿಗೆ ಹೋಗಿ ಅಪ್ಪ, ಅವ್ವನ ಜೊತೆ ಜಗಲಿ ಮೇಲೆ ಕೂತೆ. ಮೂರು ಮಾತು ಒಪ್ಪಂದವಾಯಿತು. ಎಲ್ಲ ಹೊಲವನ್ನೂ ಒಟ್ಟಿಗೆ ಬದಲಿಸುವುದಿಲ್ಲ, ಮೂರು ವರ್ಷ ಅರ್ಧ ಎಕರೆ ಮಾತ್ರ. ಬರೀ ರಾಗಿ ಹಾಕುವುದಿಲ್ಲ, ಅಕ್ಕಡಿ ಸಾಲು ಇಡಲೇಬೇಕು. ಗೊಬ್ಬರ ಹೊರುವ ಕೆಲಸ ಅವ್ವನ ತಲೆ ಮೇಲೆ ಬೀಳಬಾರದು, ಅಪ್ಪ ಮತ್ತು ನಾನು ಹೊರಬೇಕು. ಮೂರನೆಯದನ್ನು ಹೇಳಿದ್ದು ಅವ್ವ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು 'ಆಯ್ತು' ಅಂದರು. ಖರ್ಚು ಬರೆಯಲು ಒಂದು ನೋಟ್ ಪುಸ್ತಕ ತಂದುಕೊಟ್ಟಿದ್ದೇನೆ.

ರಾಗಿ ಈಗ ತೆನೆಗೆ ಬಂದಿದೆ. ಪಕ್ಕದ ಹೊಲದಷ್ಟು ಕಡು ಹಸಿರಿಲ್ಲ. ಇಳುವರಿ ಕಡಿಮೆ ಬರಬಹುದು. ಸಾಲಿನ ನಡುವೆ ಅವರೆ ಹಬ್ಬಿದೆ, ಹುಚ್ಚೆಳ್ಳು ಹಳದಿ ಹೂ ಬಿಟ್ಟಿದೆ, ಜೇನು ಬರುತ್ತಿವೆ. ಕಣ ಆದ ಮೇಲೆ ಎಷ್ಟು ಪಲ್ಲ ಬಂತು ಎಂದು ಬರೆಯುತ್ತೇನೆ, ಕಡಿಮೆ ಬಂದರೂ ಬರೆಯುತ್ತೇನೆ.

ಈ ದೀಪಾವಳಿಗೆ ಅಜ್ಜಿ ಇರಲಿಲ್ಲ. ಹಣತೆ ಹಿಡಿದು ಹಿತ್ತಲಿಗೆ ಹೋದದ್ದು ಅವ್ವ. ತಿಪ್ಪೆ ಚಿಕ್ಕದೇ. ಸಗಣಿ ಉಂಡೆ ಇಟ್ಟು, ನಮ್ಮ ಹೊಲದ ಹುಚ್ಚೆಳ್ಳು ಹೂವು ಸಿಕ್ಕಿಸಿ, ದೀಪ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ, 'ನಾಳೆ ಬೆಳಿಗ್ಗೆ ಮಂಕರಿ ಹಿಡ್ಕೊಂಡು ಬಾ, ಮರೀಬೇಡ' ಅಂದರು.